ಪಾಕಿಸ್ತಾನ, ಬಾಂಗ್ಲಾದೇಶ: ಎರಡು ಜನಗಣತಿ, ಒಂದು ಪಾಠ

ಜನಸಂಖ್ಯೆಯ ಮಾತು ಬಂದಾಗಲೆಲ್ಲ ನಮ್ಮ ಕರಾವಳಿಯ ಅಂಗಡಿ ಜಗಲಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಒಂದು ತೀರ್ಮಾನ ಮೊದಲೇ ಸಿದ್ಧವಾಗಿರುತ್ತದೆ. ಇಂಥ ಧರ್ಮದವರಿಗೆ ಮಕ್ಕಳು ಜಾಸ್ತಿ, ಇಂಥವರಿಗೆ ಕಡಿಮೆ, ಹೀಗೇ ಹೋದರೆ ಇನ್ನು ಐವತ್ತು ವರ್ಷಗಳಲ್ಲಿ ಏನಾಗುತ್ತದೋ ನೋಡಿ ಎಂಬ ಎಚ್ಚರಿಕೆ. ಈ ಮಾತಿಗೆ ಅಂಕಿಅಂಶ ಕೇಳುವವರು ಕಡಿಮೆ. ಕೇಳಿದರೂ ಒಂದು ಅಂಕಿ ಹೇಳಿ, ಅದರ ಹಿಂದಿನ ಕಾರಣವನ್ನು ಬಿಟ್ಟುಬಿಡುತ್ತಾರೆ.

ಮಕ್ಕಳ ಸಂಖ್ಯೆಯನ್ನು ನಿರ್ಧರಿಸುವುದು ಧರ್ಮವೇ? ಒಂದು ದೇಶ ಬಡತನದಿಂದ ಮೇಲೆ ಬರುವುದೂ ಅಲ್ಲೇ ಉಳಿಯುವುದೂ ಯಾವುದರಿಂದ? ಈ ಪ್ರಶ್ನೆಗಳನ್ನು ಪರೀಕ್ಷಿಸಲು ಚರಿತ್ರೆ ನಮ್ಮ ನೆರೆಯಲ್ಲೇ ಒಂದು ಅಪರೂಪದ ಉದಾಹರಣೆಯನ್ನು ಇಟ್ಟಿದೆ. 1947ರಿಂದ 1971ರವರೆಗೆ ಒಂದೇ ದೇಶವಾಗಿದ್ದು, ಆಮೇಲೆ ಎರಡಾದ ಪಾಕಿಸ್ತಾನ ಮತ್ತು ಬಾಂಗ್ಲಾದೇಶ. ಎರಡೂ ಬ್ರಿಟಿಷರ ಆಡಳಿತದಿಂದ ಹೊರಬಂದ ನಾಡುಗಳು. ಎರಡರಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಮುಸ್ಲಿಮರು. ಎರಡೂ ಸೇನೆಯ ಆಡಳಿತವನ್ನು ಕಂಡಿವೆ. ಹಾಗಿದ್ದರೂ ಇಂದು ಈ ಎರಡರ ಲೆಕ್ಕಪುಸ್ತಕ ತೆರೆದರೆ ಅವು ಒಂದೇ ಮನೆಯ ಮಕ್ಕಳೆಂದು ನಂಬುವುದು ಕಷ್ಟ.

ಹೊರಟ ಜಾಗ

1961ರ ಜನಗಣತಿಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಐದು ಕೋಟಿಗೂ ಸ್ವಲ್ಪ ಹೆಚ್ಚು ಜನರಿದ್ದರು. ಪಶ್ಚಿಮದಲ್ಲಿ ಸುಮಾರು 4.3 ಕೋಟಿ. ಅಂದರೆ ಇಂದಿನ ಬಾಂಗ್ಲಾದೇಶವೇ ಆಗ ದೊಡ್ಡ ಪಾಲು. ಆದರೆ ರಾಜಧಾನಿ, ಸೇನೆ, ಬ್ಯಾಂಕು, ದೊಡ್ಡ ಉದ್ಯಮ, ಅಧಿಕಾರ ಎಲ್ಲವೂ ಪಶ್ಚಿಮದ ಕೈಯಲ್ಲಿದ್ದವು. ಪೂರ್ವದ ಸೆಣಬು ವಿದೇಶಿ ಹಣ ತರುತ್ತಿತ್ತು, ಖರ್ಚಿನ ತೀರ್ಮಾನ ಪಶ್ಚಿಮದಲ್ಲಿ ಆಗುತ್ತಿತ್ತು.

1970ರ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಿಂದ ಎದ್ದ ಭೋಲಾ ಚಂಡಮಾರುತ ಮೂರರಿಂದ ಐದು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂಬ ಅಂದಾಜಿದೆ. ಮರುತಿಂಗಳ ಚುನಾವಣೆಯಲ್ಲಿ ಪೂರ್ವದ 162 ಸ್ಥಾನಗಳಲ್ಲಿ 160 ಅವಾಮಿ ಲೀಗ್ ಪಾಲಾಯಿತು. ಅಧಿಕಾರ ಹಸ್ತಾಂತರವಾಗಲಿಲ್ಲ. ಅದರ ಬದಲು ಸೇನಾ ದಮನ ನಡೆಯಿತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಹೊಸ ದೇಶ ಕಣ್ಣು ಬಿಡುವಷ್ಟರಲ್ಲಿ 1974ರ ಕ್ಷಾಮ ಎರಗಿತು. ಸದಾ ಕೈಚಾಚುವ ದೇಶ ಇದು, ಉದ್ಧಾರವಾಗುವುದಿಲ್ಲ ಎಂದು ಆಗ ದೊಡ್ಡ ದೊಡ್ಡ ರಾಜಧಾನಿಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು.

ನಮ್ಮ ಕರ್ನಾಟಕದ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್. ಬಾಂಗ್ಲಾದೇಶದ್ದು ಅದಕ್ಕಿಂತಲೂ ಕಡಿಮೆ, 1.48 ಲಕ್ಷದ ಆಸುಪಾಸು. ಪಾಕಿಸ್ತಾನದ್ದು ಸುಮಾರು ಎಂಟು ಲಕ್ಷ. ಭೂಮಿ, ಸಿಂಧೂ ನದಿಯ ನೀರಾವರಿ, ಹತ್ತಿ, ಗೋಧಿ, ಬಂದರು, ಉದ್ಯಮ ಎಲ್ಲವೂ ಪಾಕಿಸ್ತಾನದ ಪಾಲಿಗಿದ್ದವು. ಅಂದು ಯಾರಾದರೂ ಪಣ ಕಟ್ಟುವುದಿದ್ದರೆ ಬಾಂಗ್ಲಾದ ಮೇಲೆ ಕಟ್ಟುತ್ತಿರಲಿಲ್ಲ.

ತಲೆ ಎಣಿಕೆ

ಈಗ ಜನಗಣತಿಯ ಲೆಕ್ಕ ನೋಡೋಣ. 1972ರಲ್ಲಿ ಪಾಕಿಸ್ತಾನದ ಜನಸಂಖ್ಯೆ 6.53 ಕೋಟಿ. 2023ರ ಗಣತಿಯಲ್ಲಿ ಅದು 24.15 ಕೋಟಿ. ಬಾಂಗ್ಲಾದೇಶದಲ್ಲಿ 1974ರ ಎಣಿಕೆ 7.15 ಕೋಟಿ. 2022ರ ಗಣತಿಯ ಪರಿಷ್ಕೃತ ಲೆಕ್ಕ 16.98 ಕೋಟಿ. ಒಂದು ಕಡೆ ಅರ್ಧ ಶತಮಾನದಲ್ಲಿ ಮೂರೂಮುಕ್ಕಾಲು ಪಟ್ಟಿನ ಹತ್ತಿರ ಏರಿಕೆ, ಇನ್ನೊಂದು ಕಡೆ ಎರಡೂವರೆ ಪಟ್ಟಿಗಿಂತ ಕಡಿಮೆ. ಚಿಕ್ಕದಾಗಿದ್ದ ತಮ್ಮ ಅಣ್ಣನನ್ನು ಮೀರಿ ಏಳು ಕೋಟಿ ಮುಂದೆ ಹೋಗಿದ್ದಾನೆ.

ಇದಕ್ಕೆ ಮೂಲ ಕಾರಣ ಫಲವಂತಿಕೆ ದರ. ಒಬ್ಬ ಮಹಿಳೆ ತನ್ನ ಜೀವಿತಾವಧಿಯಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಲೆಕ್ಕ ಇದು. ಸುಮಾರು 2.1 ಇದ್ದರೆ ಜನಸಂಖ್ಯೆ ದೀರ್ಘಕಾಲದಲ್ಲಿ ಸ್ಥಿರವಾಗುತ್ತದೆ. 1970ರ ದಶಕದ ಆರಂಭದಲ್ಲಿ ಎರಡೂ ದೇಶಗಳಲ್ಲಿ ಇದು ಆರಕ್ಕಿಂತ ಹೆಚ್ಚಿತ್ತು. 1993–94ರ ಆರೋಗ್ಯ ಸಮೀಕ್ಷೆಯ ವೇಳೆಗೆ ಬಾಂಗ್ಲಾದಲ್ಲಿ 3.4ಕ್ಕೆ ಇಳಿಯಿತು. 2011ರಲ್ಲಿ 2.3. 2022ರಲ್ಲೂ 2.3. ಪಾಕಿಸ್ತಾನದಲ್ಲಿ 2006–07ರಲ್ಲಿ 4.1, 2012–13ರಲ್ಲಿ 3.8, 2017–18ರಲ್ಲಿ 3.6. ಇಳಿಕೆ ಅಲ್ಲೂ ಇದೆ, ಆದರೆ ಬಾಂಗ್ಲಾ ಇಪ್ಪತ್ತು ವರ್ಷಗಳಲ್ಲಿ ನಡೆದ ದಾರಿಯನ್ನು ಪಾಕಿಸ್ತಾನ ನಲವತ್ತು ವರ್ಷಗಳಲ್ಲೂ ಮುಗಿಸಿಲ್ಲ.

ಎರಡೂ ಕಡೆ ಒಂದೇ ಧರ್ಮ, ಒಂದೇ ಧರ್ಮಗ್ರಂಥ. ಮಕ್ಕಳ ಸಂಖ್ಯೆಯನ್ನು ಧರ್ಮವೇ ನಿರ್ಧರಿಸುವುದಾದರೆ ಈ ಅಂತರ ಹೇಗೆ ಬಂತು? ಜಗಲಿಯ ತೀರ್ಮಾನಕ್ಕೆ ಇಲ್ಲಿ ಉತ್ತರವಿಲ್ಲ.

ತಲಾ ಆದಾಯ

ಹಣದ ಲೆಕ್ಕಕ್ಕೆ ಬಂದರೆ, ಸ್ವಾತಂತ್ರ್ಯ ಪಡೆದಾಗ ಬಾಂಗ್ಲಾದೇಶದ ತಲಾ ಆದಾಯ ಪಾಕಿಸ್ತಾನಕ್ಕಿಂತ ಬಹಳ ಕೆಳಗಿತ್ತು. ಮುಂದಿನ ನಾಲ್ಕು ದಶಕ ಪಾಕಿಸ್ತಾನವೇ ಮುಂದಿತ್ತು. ಕಳೆದ ದಶಕದ ನಡುವಿನಲ್ಲಿ ಲೆಕ್ಕ ತಿರುಗಿತು. ವಿಶ್ವಬ್ಯಾಂಕಿನ 2024ರ ಅಂಕಿಗಳಂತೆ ಬಾಂಗ್ಲಾದ ತಲಾ ಉತ್ಪನ್ನ ಸುಮಾರು 2,500 ಡಾಲರ್ ದಾಟಿದೆ, ಪಾಕಿಸ್ತಾನದ್ದು 1,500 ಡಾಲರ್‌ನ ಆಸುಪಾಸಿನಲ್ಲಿದೆ. ಭಾರತದಲ್ಲೂ ಇದು ಒಮ್ಮೆ ಗದ್ದಲ ಎಬ್ಬಿಸಿತ್ತು. 2020ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಆ ವರ್ಷಕ್ಕೆ ಬಾಂಗ್ಲಾದ ತಲಾ ಉತ್ಪನ್ನ 1,888 ಡಾಲರ್, ಭಾರತದ್ದು 1,877 ಡಾಲರ್ ಎಂದು ಅಂದಾಜಿಸಿದಾಗ ನಮ್ಮ ಪತ್ರಿಕೆಗಳಲ್ಲಿ ಅದು ಮುಖಪುಟದ ಸುದ್ದಿಯಾಗಿತ್ತು.

ಇಲ್ಲಿ ಒಂದು ಸರಳ ಭಾಗಾಕಾರ ಮಾಡಿ ನೋಡಬಹುದು. 2024ರಲ್ಲಿ ಪಾಕಿಸ್ತಾನದ ಒಟ್ಟು ದೇಶೀಯ ಉತ್ಪನ್ನ ಸುಮಾರು 37,000 ಕೋಟಿ ಡಾಲರ್. ಬಾಂಗ್ಲಾದ್ದು ಸುಮಾರು 45,000 ಕೋಟಿ ಡಾಲರ್. ಒಟ್ಟು ಗಾತ್ರದಲ್ಲಿ ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಪಾಕಿಸ್ತಾನ ತನ್ನ ರೊಟ್ಟಿಯನ್ನು 24 ಕೋಟಿಗೂ ಹೆಚ್ಚು ಜನರಿಗೆ ಹಂಚಬೇಕು, ಬಾಂಗ್ಲಾ 17 ಕೋಟಿಯಷ್ಟು ಜನರಿಗೆ. ಪಾಕಿಸ್ತಾನದ ಉತ್ಪನ್ನವನ್ನೇ 17 ಕೋಟಿಯಿಂದ ಭಾಗಿಸಿದರೆ ತಲೆಗೆ 2,100 ಡಾಲರ್ ದಾಟುತ್ತದೆ. ಜನ ಕಡಿಮೆಯಾದರೆ ದುಡಿಯುವ ಕೈಗಳೂ ಕಡಿಮೆಯಾಗುತ್ತವೆ, ಆದ್ದರಿಂದ ಇದು ಪೂರ್ತಿ ನ್ಯಾಯದ ಲೆಕ್ಕವಲ್ಲ. ಆದರೂ ಅಂತರದ ಒಂದು ದೊಡ್ಡ ಭಾಗ ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ. ಆಯಾ ದೇಶದ ಬೆಲೆಗಳಿಗೆ ಹೊಂದಿಸಿ, ಕೊಳ್ಳುವ ಶಕ್ತಿಯ ಆಧಾರದಲ್ಲಿ ಲೆಕ್ಕ ಹಾಕಿದರೆ ಅಂತರ ಕಿರಿದಾಗುತ್ತದೆ. ಬಾಂಗ್ಲಾ ಮುಂದಿರುವುದು ಮಾತ್ರ ಬದಲಾಗುವುದಿಲ್ಲ.

ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಈ ಬದಲಾವಣೆ ಎಲ್ಲಿಂದ ಶುರುವಾಯಿತು? ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆಗಳಿಂದ ಅಲ್ಲ. ಭೇದಿಯಿಂದ ಸಾಯುತ್ತಿದ್ದ ಮಕ್ಕಳನ್ನು ಉಳಿಸುವ ಕೆಲಸದಿಂದ.

ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಸರಿಯಾದ ಅಳತೆಯಲ್ಲಿ ಕುಡಿಸಿದರೆ ಕಾಲರಾ ರೋಗಿಯೂ ಬದುಕುತ್ತಾನೆಂದು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಕೇಂದ್ರದಲ್ಲಿ ಸಾಬೀತಾಗಿತ್ತು. 1971ರಲ್ಲಿ ಗಡಿಯ ಈಚೆಗಿನ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಭಾರತೀಯ ವೈದ್ಯ ಡಾ. ದಿಲೀಪ್ ಮಹಲನಬೀಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವಿರಾರು ಜೀವ ಉಳಿಸಿದರು. ನಮ್ಮ ಮನೆಗಳ ಓಆರ್‌ಎಸ್ ಪೊಟ್ಟಣದ ಹಿಂದಿನ ಕಥೆ ಇದು.

1972ರಲ್ಲಿ ಫಝ್ಲೆ ಹಸನ್ ಆಬೆದ್ ಅವರು ಕಟ್ಟಿದ ಬ್ರಾಕ್ ಸಂಸ್ಥೆ ಈ ಮದ್ದನ್ನು ಮನೆಮನೆಗೆ ಒಯ್ದಿತು. ಪೊಟ್ಟಣ ಕೊಳ್ಳಲು ಹಣವಿಲ್ಲದ ಹಳ್ಳಿಗಳಲ್ಲಿ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ತಾಯಂದಿರಿಗೆ ಕಲಿಸಲಾಯಿತು. 1980ರಿಂದ 1990ರವರೆಗಿನ ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳ ಬಾಗಿಲು ತಟ್ಟಿದವರು ಮಹಿಳೆಯರೇ. ಕಲಿಸಿದ ಮೇಲೆ ಇನ್ನೊಬ್ಬರು ಹೋಗಿ ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಎಂದು ಪರೀಕ್ಷಿಸುತ್ತಿದ್ದರು. ಕಲಿಸಿದವರ ಸಂಬಳ ಅದರ ಮೇಲೆ ನಿಂತಿತ್ತು.

ಸರ್ಕಾರವೂ 1970ರ ದಶಕದ ನಡುವಿನಿಂದ ಹಳ್ಳಿಯ ಓದಿದ ಯುವತಿಯರನ್ನೇ ಕುಟುಂಬ ಕಲ್ಯಾಣ ಸಹಾಯಕಿಯರನ್ನಾಗಿ ನೇಮಿಸಿ ಮನೆಮನೆಗೆ ಕಳಿಸಿತು. ಗರ್ಭನಿರೋಧ ವಿಧಾನ ಬಳಸುವ ದಂಪತಿಗಳ ಪ್ರಮಾಣ 1975ರಲ್ಲಿ ಶೇ. 8 ಇದ್ದದ್ದು 2022ರಲ್ಲಿ ಶೇ. 64ಕ್ಕೆ ಬಂತು. ಪಾಕಿಸ್ತಾನದಲ್ಲಿ 2017–18ರ ಸಮೀಕ್ಷೆಯಂತೆ ಶೇ. 34. ಕೃತಕ ವಿಧಾನಗಳ ಕುರಿತು ಧರ್ಮಸಭೆಯ ಬೋಧನೆ ಏನೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಇಲ್ಲಿ ನಡೆದದ್ದನ್ನು ನಡೆದಂತೆ ಹೇಳುತ್ತಿದ್ದೇವೆ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ತಾಯಿಗೆ ಬಾರದೆ ಸಾಮಾನ್ಯವಾಗಿ ಕುಟುಂಬ ಚಿಕ್ಕದಾಗುವುದಿಲ್ಲ. ನಾಲ್ವರಲ್ಲಿ ಒಬ್ಬರು ಸಾಯುವ ಮನೆಯಲ್ಲಿ ಆರು ಮಕ್ಕಳನ್ನು ಹೆರುವುದು ಅಜ್ಞಾನವಲ್ಲ, ಮುಪ್ಪಿನ ಕಾಲದ ಭದ್ರತೆಯ ಲೆಕ್ಕ. ಇಂದು ಬಾಂಗ್ಲಾದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲು ಸಾಯುವವರು 31 ಎಂದು 2022ರ ಸಮೀಕ್ಷೆ ಹೇಳುತ್ತದೆ. ಪಾಕಿಸ್ತಾನದಲ್ಲಿ 2017–18ರ ಸಮೀಕ್ಷೆಯಲ್ಲಿ ಇದು 74. ಬಾಂಗ್ಲಾದಲ್ಲಿ ಸರಾಸರಿ ಆಯುಷ್ಯ ಸುಮಾರು 74 ವರ್ಷ, ಪಾಕಿಸ್ತಾನದಲ್ಲಿ ಸುಮಾರು 67.

ಶಾಲೆಗೆ ಹೋದ ಹುಡುಗಿ

ಎರಡನೆಯ ಹೆಜ್ಜೆ ಶಾಲೆ. 1994ರಲ್ಲಿ ಬಾಂಗ್ಲಾ ಸರ್ಕಾರ ಗ್ರಾಮೀಣ ಪ್ರೌಢಶಾಲೆಗಳ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಯೋಜನೆಯನ್ನು ದೇಶವ್ಯಾಪಿ ಮಾಡಿತು. ಮೂರು ಷರತ್ತು ಇದ್ದವು. ಶೇ. 75 ಹಾಜರಾತಿ ಇರಬೇಕು, ಪರೀಕ್ಷೆಯಲ್ಲಿ ಶೇ. 45 ಅಂಕ ಬರಬೇಕು, ಮದುವೆಯಾಗಿರಬಾರದು. ಹಣ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಮೊತ್ತ ಸಣ್ಣದೇ. ಆದರೆ ಮಗಳನ್ನು ಮನೆಯಲ್ಲಿ ಉಳಿಸಿಕೊಂಡರೆ ನಷ್ಟ ಎಂಬ ಲೆಕ್ಕ ಬಡ ತಂದೆಗೆ ಮೊದಲ ಬಾರಿಗೆ ಬಂತು. ಪ್ರೌಢಶಾಲೆಯಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಮೀರಿತು.

2022ರ ಬಾಂಗ್ಲಾ ಗಣತಿಯಲ್ಲಿ ಏಳು ವರ್ಷ ಮೇಲ್ಪಟ್ಟವರ ಸಾಕ್ಷರತೆ ಶೇ. 74.7. ಗಂಡಸರಲ್ಲಿ ಶೇ. 76.6, ಹೆಂಗಸರಲ್ಲಿ ಶೇ. 72.8. ಅಂತರ ನಾಲ್ಕು ಅಂಶಕ್ಕೂ ಕಡಿಮೆ. 2023ರ ಪಾಕಿಸ್ತಾನ ಗಣತಿಯಲ್ಲಿ ಹತ್ತು ವರ್ಷ ಮೇಲ್ಪಟ್ಟವರ ಸಾಕ್ಷರತೆ ಶೇ. 60.7. ಗಂಡಸರಲ್ಲಿ ಶೇ. 68, ಹೆಂಗಸರಲ್ಲಿ ಶೇ. 53ರ ಸಮೀಪ. ಬಲೂಚಿಸ್ತಾನದಲ್ಲಂತೂ ಗಂಡು ಹೆಣ್ಣು ಸೇರಿ ಒಟ್ಟು ಸಾಕ್ಷರತೆಯೇ ಶೇ. 42. ಪಾಕಿಸ್ತಾನದಲ್ಲಿ ಎರಡು ಕೋಟಿಗೂ ಹೆಚ್ಚು ಮಕ್ಕಳು ಶಾಲೆಯ ಹೊರಗಿದ್ದಾರೆ. 2012ರಲ್ಲಿ ಸ್ವಾತ್ ಕಣಿವೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಮಲಾಲಾ ಯೂಸುಫ್‌ಝೈ ಮೇಲೆ ಗುಂಡು ಹಾರಿದ್ದು, 2014ರಲ್ಲಿ ಆಕೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಎಲ್ಲರಿಗೂ ನೆನಪಿದೆ. ಆದರೆ ಗುಂಡಿಗಿಂತ ಹೆಚ್ಚು ಹುಡುಗಿಯರನ್ನು ಅಲ್ಲಿ ಶಾಲೆಯಿಂದ ದೂರ ಇಟ್ಟಿರುವುದು ಊರಿನಲ್ಲಿ ಹುಡುಗಿಯರ ಶಾಲೆಯೇ ಇಲ್ಲದಿರುವುದು, ಇದ್ದರೂ ದಾರಿ ದೂರ ಇರುವುದು, ಶಿಕ್ಷಕಿ ಇಲ್ಲದಿರುವುದು.

ಹತ್ತಿ ಒಬ್ಬರದು, ಅಂಗಿ ಇನ್ನೊಬ್ಬರದು

ಓದಿದ ಹುಡುಗಿಗೆ ಕೆಲಸ ಎಲ್ಲಿ? ಇದಕ್ಕೆ ಬಾಂಗ್ಲಾ ಕಂಡುಕೊಂಡ ಉತ್ತರ ಹೊಲಿಗೆ ಯಂತ್ರ. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ದಕ್ಷಿಣ ಕೊರಿಯಾದ ದೇವೂ ಜೊತೆ ಒಪ್ಪಂದ ಮಾಡಿಕೊಂಡು 130 ಮಂದಿಯನ್ನು ತರಬೇತಿಗೆ ಕೊರಿಯಾಕ್ಕೆ ಕಳಿಸಿತು. ಅವರಲ್ಲಿ ಅನೇಕರು ಮರಳಿ ಬಂದು ತಮ್ಮದೇ ಕಾರ್ಖಾನೆ ತೆರೆದರು. ಅಲ್ಲಿಂದ ಬೆಳೆದ ಉದ್ಯಮದಲ್ಲಿ ಇಂದು ಸುಮಾರು 40 ಲಕ್ಷ ಜನ ಇದ್ದಾರೆ, ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು. ದೇಶದ ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಸಿದ್ಧ ಉಡುಪಿನದು, ವರ್ಷಕ್ಕೆ 3,500 ಕೋಟಿ ಡಾಲರ್‌ಗೂ ಮಿಕ್ಕಿ.

ಬಾಂಗ್ಲಾದಲ್ಲಿ ಹತ್ತಿ ಬೆಳೆಯುವುದು ತೀರಾ ಕಡಿಮೆ, ಹೊರಗಿನಿಂದ ತರಿಸಿಕೊಳ್ಳಬೇಕು. ಹತ್ತಿ ಬೆಳೆಯುವುದು ಪಾಕಿಸ್ತಾನ. ಹಾಗಿದ್ದೂ ಪಾಕಿಸ್ತಾನದ ಇಡೀ ಜವಳಿ ರಫ್ತು ಬಾಂಗ್ಲಾದ ಉಡುಪು ರಫ್ತಿನ ಅರ್ಧದಷ್ಟೇ ಇದೆ. ನೂಲು, ಬಟ್ಟೆಯನ್ನು ಹೊಲಿದು ಅಂಗಿಯಾಗಿಸಿದಾಗಲೇ ಹೆಚ್ಚು ಬೆಲೆ ಬರುವುದು. ಅದಕ್ಕೆ ಸಾಲಾಗಿ ಕುಳಿತು ಹೊಲಿಯುವ ಲಕ್ಷಾಂತರ ಕೈಗಳು ಬೇಕು. ಪಾಕಿಸ್ತಾನದಲ್ಲಿ ದುಡಿಯುವ ವಯಸ್ಸಿನ ಮಹಿಳೆಯರಲ್ಲಿ ಸಂಬಳದ ಅಥವಾ ಲೆಕ್ಕಕ್ಕೆ ಸಿಗುವ ದುಡಿಮೆಯಲ್ಲಿರುವವರು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. ಬಾಂಗ್ಲಾದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ಗಲ್ಫ್‌ನಿಂದ ಬರುವ ಹಣದಲ್ಲಿ ಮಾತ್ರ ಪಾಕಿಸ್ತಾನ ಹಿಂದಿಲ್ಲ. 2024–25ರ ಆರ್ಥಿಕ ವರ್ಷದಲ್ಲಿ ವಿದೇಶದಲ್ಲಿ ದುಡಿಯುವವರು ಅಲ್ಲಿಗೆ ಕಳಿಸಿದ್ದು ಸುಮಾರು 3,800 ಕೋಟಿ ಡಾಲರ್, ಬಾಂಗ್ಲಾಕ್ಕೆ ಸುಮಾರು 3,000 ಕೋಟಿ. ದುಬೈ, ದೋಹಾ, ಕುವೈತ್‌ಗಳಲ್ಲಿ ದುಡಿದ ನಮ್ಮ ಊರಿನವರು ಈ ಎರಡೂ ದೇಶದವರ ಜೊತೆ ಒಂದೇ ಕೋಣೆ, ಒಂದೇ ಅಡುಗೆಮನೆ ಹಂಚಿಕೊಂಡವರು. ಮನೆಗೆ ಹಣ ಕಳಿಸುವ ಸಾಲಿನಲ್ಲಿ ಎಲ್ಲರೂ ಒಂದೇ ಎಂಬುದು ಅವರಿಗೆ ಗೊತ್ತು. ಆ ಹಣದಿಂದ ಮನೆ ಕಟ್ಟಬಹುದು, ಸಾಲ ತೀರಿಸಬಹುದು. ಇಡೀ ದೇಶ ಮೇಲೇಳಬೇಕಾದರೆ ಊರಿನಲ್ಲಿ ಉಳಿದವರಿಗೂ ದುಡಿಮೆ ಬೇಕು.

ಪಾಕಿಸ್ತಾನ ಎಡವಿದ್ದು ಎಲ್ಲಿ?

ಎಲ್ಲ ತಪ್ಪನ್ನೂ ಪಾಕಿಸ್ತಾನದ ಮೇಲೆ ಹೊರಿಸುವುದು ನ್ಯಾಯವಲ್ಲ. ಬಾಂಗ್ಲಾ ಸಪಾಟು ನಾಡು, ಹಳ್ಳಿಗಳು ಒತ್ತೊತ್ತಾಗಿವೆ, ಬಹುತೇಕ ಎಲ್ಲರ ಭಾಷೆ ಒಂದೇ. ಆರೋಗ್ಯ ಸಹಾಯಕಿ ಒಂದು ದಿನದಲ್ಲಿ ಹತ್ತಾರು ಮನೆ ಸುತ್ತಬಹುದು. ಪಾಕಿಸ್ತಾನದಲ್ಲಿ ಮರುಭೂಮಿ, ಬೆಟ್ಟಗುಡ್ಡ, ಹಲವು ಭಾಷೆ. 1979ರಿಂದ ಅಫ್ಘಾನಿಸ್ತಾನದ ಯುದ್ಧದ ಹೊರೆ, ಲಕ್ಷಾಂತರ ನಿರಾಶ್ರಿತರು, ಆಮೇಲೆ ಭಯೋತ್ಪಾದನೆ. 2014ರ ಡಿಸೆಂಬರ್‌ನಲ್ಲಿ ಪೇಶಾವರದ ಶಾಲೆಯೊಂದರಲ್ಲಿ 140ಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳೇ, ಕೊಲ್ಲಲ್ಪಟ್ಟರು. 2022ರ ನೆರೆ 3.3 ಕೋಟಿ ಜನರನ್ನು ಬಾಧಿಸಿತು.

ಆದರೆ ಆಯ್ಕೆಗಳೂ ಇದ್ದವು. ಪಾಕಿಸ್ತಾನ ತನ್ನ ಉತ್ಪನ್ನದಲ್ಲಿ ಶೇ. 3ರ ಆಸುಪಾಸನ್ನು ಸೇನೆಗೆ ಖರ್ಚು ಮಾಡುತ್ತದೆ, ಹಿಂದೆ ಇನ್ನೂ ಹೆಚ್ಚು ಮಾಡುತ್ತಿತ್ತು. ಬಾಂಗ್ಲಾದ ಖರ್ಚು ಶೇ. 1ರ ಆಸುಪಾಸು. 1994ರಲ್ಲಿ ಬೆನಜೀರ್ ಭುಟ್ಟೊ ಸರ್ಕಾರ ಆರಂಭಿಸಿದ ಮಹಿಳಾ ಆರೋಗ್ಯ ಕಾರ್ಯಕರ್ತೆಯರ ಯೋಜನೆ ಒಳ್ಳೆಯದೇ, ಆದರೆ ಬಾಂಗ್ಲಾಕ್ಕಿಂತ ಎರಡು ದಶಕ ತಡವಾಗಿ ಬಂತು. ಇನ್ನೊಂದು ಸೂಕ್ಷ್ಮ ವಿಷಯ ಹಣ ಹಂಚಿಕೆಯದು. 2010ರ ಏಳನೇ ರಾಷ್ಟ್ರೀಯ ಹಣಕಾಸು ಆಯೋಗದ ಸೂತ್ರದಲ್ಲಿ ಪ್ರಾಂತ್ಯಗಳ ಪಾಲನ್ನು ಶೇ. 82ರಷ್ಟು ಜನಸಂಖ್ಯೆಯ ಆಧಾರದಲ್ಲೇ ನಿರ್ಧರಿಸಲಾಯಿತು. ತಲೆ ಹೆಚ್ಚಿದ್ದಷ್ಟೂ ಹಣ ಹೆಚ್ಚು ಎಂದಾದರೆ ಯಾವ ಪ್ರಾಂತ್ಯ ತಾನೇ ಅವಸರ ಮಾಡೀತು? ನಮ್ಮ ದೇಶ ಇದನ್ನು ಬೇಗ ಗುರುತಿಸಿತ್ತು. ಜನಸಂಖ್ಯೆ ತಗ್ಗಿಸಿದ ರಾಜ್ಯಗಳಿಗೆ ಅನ್ಯಾಯ ಆಗಬಾರದೆಂದು ರಾಜ್ಯಗಳಿಗೆ ಸಿಗುವ ಲೋಕಸಭಾ ಸ್ಥಾನಗಳನ್ನು 1976ರಲ್ಲಿ 1971ರ ಗಣತಿಗೇ ಕಟ್ಟಿಹಾಕಿ, 2001ರಲ್ಲಿ ಅದನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದುವರಿಸಲಾಯಿತು. ಕರ್ನಾಟಕ ಸಹಿತ ದಕ್ಷಿಣದ ರಾಜ್ಯಗಳ ಇಂದಿನ ಆತಂಕದ ಬೇರು ಇಲ್ಲಿದೆ.

ವಿಪರ್ಯಾಸ ನೋಡಿ. ಆದಾಯದ ಜೊತೆ ಆಯುಷ್ಯ ಮತ್ತು ಓದನ್ನೂ ಸೇರಿಸಿ ದೇಶಗಳನ್ನು ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ಜಗತ್ತಿಗೆ ಕೊಟ್ಟವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಅದೇ ಸೂಚ್ಯಂಕದ 2025ರ ವರದಿಯಲ್ಲಿ ಪಾಕಿಸ್ತಾನ 168ನೇ ಸ್ಥಾನದಲ್ಲಿ, ಕೆಳ ವರ್ಗದಲ್ಲಿತ್ತು. ಬಾಂಗ್ಲಾ ಮಧ್ಯಮ ವರ್ಗದಲ್ಲಿತ್ತು.

ಅಂಕಿಗಳು ಮುಚ್ಚಿಡುವುದು

ಇಷ್ಟು ಓದಿದ ಮೇಲೆ ಬಾಂಗ್ಲಾ ಸ್ವರ್ಗವಾಯಿತೆಂದು ಭಾವಿಸಬೇಡಿ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,130ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಆದರೂ ಅವರನ್ನು ಒಳಗೆ ಕಳಿಸಲಾಗಿತ್ತು. ನಾವು ಅಗ್ಗಕ್ಕೆ ಕೊಳ್ಳುವ ಅಂಗಿಯ ಬೆಲೆಯಲ್ಲಿ ಇದು ಸೇರಿರಲಿಲ್ಲ. ಆ ದುರಂತದ ನಂತರವೇ ವಿದೇಶಿ ಕಂಪನಿಗಳು, ಕಾರ್ಮಿಕ ಸಂಘಗಳು ಕಟ್ಟಡ ಸುರಕ್ಷೆಯ ಒಪ್ಪಂದಕ್ಕೆ ಸಹಿ ಹಾಕಿದವು.

ಬಾಲ್ಯವಿವಾಹದ ಲೆಕ್ಕದಲ್ಲಿ ಬಾಂಗ್ಲಾ ಪಾಕಿಸ್ತಾನಕ್ಕಿಂತ ಹಿಂದಿದೆ. 20ರಿಂದ 24 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು 2022ರ ಸಮೀಕ್ಷೆ ಹೇಳುತ್ತದೆ. ಪಾಕಿಸ್ತಾನದಲ್ಲಿ 2017–18ರಲ್ಲಿ ಇದು ಶೇ. 18. ಮಕ್ಕಳ ಸಂಖ್ಯೆ ಇಳಿದ ಮಾತ್ರಕ್ಕೆ ಹೆಣ್ಣಿನ ಬದುಕು ತಾನಾಗಿ ಹಸನಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ಸ್ವಾತಂತ್ರ್ಯದ ಲೆಕ್ಕ. 2009ರಿಂದ ಆಳಿದ ಶೇಖ್ ಹಸೀನಾ ಕಾಲದಲ್ಲಿ ಬೆಳವಣಿಗೆ ದರ ಏರುತ್ತಿತ್ತು, ವಿರೋಧಿಗಳು ಜೈಲಿನಲ್ಲಿದ್ದರು. 2024ರ ಜುಲೈಯಲ್ಲಿ ಸರ್ಕಾರಿ ಉದ್ಯೋಗದ ಮೀಸಲಾತಿ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದರು. ಓದಿದ ಯುವಕರಿಗೆ ಕೆಲಸವಿರಲಿಲ್ಲ, ಮಾತಾಡಲು ಜಾಗವಿರಲಿಲ್ಲ. ಆ ಕೆಲವೇ ವಾರಗಳಲ್ಲಿ 1,400ರಷ್ಟು ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿತು. ಆಗಸ್ಟ್ 5ರಂದು ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದರು. ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನುಸ್ ಮಧ್ಯಂತರ ಸರ್ಕಾರದ ಹೊಣೆ ಹೊತ್ತರು. ಅದೇ ಡಿಸೆಂಬರ್‌ನಲ್ಲಿ ಬಂದ ಶ್ವೇತಪತ್ರ ಸಮಿತಿಯ ವರದಿ, ಹಿಂದಿನ ಸರ್ಕಾರ ಬೆಳವಣಿಗೆಯ ಅಂಕಿಗಳನ್ನು ಉಬ್ಬಿಸಿ ತೋರಿಸಿತ್ತೆಂದೂ ವರ್ಷಕ್ಕೆ ಸರಾಸರಿ 1,600 ಕೋಟಿ ಡಾಲರ್ ಅಕ್ರಮವಾಗಿ ದೇಶದಿಂದ ಹೊರಹೋಯಿತೆಂದೂ ಹೇಳಿತು. ಆದ್ದರಿಂದ ತಲಾ ಆದಾಯದ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಬದುಕುಳಿದ ಮಕ್ಕಳ ಲೆಕ್ಕ, ಶಾಲೆಗೆ ಹೋದ ಹುಡುಗಿಯರ ಲೆಕ್ಕ ಬೇರೆ ಬೇರೆ ಸಮೀಕ್ಷೆಗಳಲ್ಲಿ ಮನೆಮನೆಗೆ ಹೋಗಿ ಕೇಳಿ ಬರೆದದ್ದು. ಅದು ಹೆಚ್ಚು ಗಟ್ಟಿ.

ನಮ್ಮ ಊರಿಗೆ ಏನು ಸಂಬಂಧ?

ಓದುಗ ಬಾಂಧವರೇ, ಈಗ ಜಗಲಿಯ ಮಾತಿಗೆ ಮರಳೋಣ. 2019–21ರ ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಫಲವಂತಿಕೆ ದರ 2.0, ಕರ್ನಾಟಕದ್ದು 1.7. ಧರ್ಮವಾರು ನೋಡಿದರೆ ಹಿಂದೂಗಳಲ್ಲಿ 1.94, ಕ್ರೈಸ್ತರಲ್ಲಿ 1.88, ಮುಸ್ಲಿಮರಲ್ಲಿ 2.36. ಮೂವತ್ತು ವರ್ಷಗಳ ಹಿಂದೆ, 1992–93ರಲ್ಲಿ, ಮುಸ್ಲಿಮರಲ್ಲಿ ಇದು 4.4 ಇತ್ತು. ಎಲ್ಲರಿಗಿಂತ ಹೆಚ್ಚು ಇಳಿಕೆ ಕಂಡ ಸಮುದಾಯ ಅದೇ. ಕಾರಣ ಢಾಕಾದಲ್ಲಿ ಇದ್ದದ್ದೇ ಇಲ್ಲೂ ಇದೆ. ಹುಡುಗಿಯರು ಶಾಲೆಗೆ ಹೋದರು, ಮಕ್ಕಳು ಸಾಯುವುದು ಕಡಿಮೆಯಾಯಿತು.

ನಮ್ಮ ಜಿಲ್ಲೆಗಳು ಈ ದಾರಿಯನ್ನು ಮೊದಲೇ ನಡೆದಿವೆ. ಮಂಗಳೂರಿನಲ್ಲಿ ಸೈಂಟ್ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದದ್ದು 1921ರಲ್ಲಿ, ದೇಶದ ಬಹುಭಾಗದಲ್ಲಿ ಹುಡುಗಿಯರಿಗೆ ಪ್ರಾಥಮಿಕ ಶಾಲೆಯೂ ಇಲ್ಲದಿದ್ದ ಕಾಲದಲ್ಲಿ. ಬಾಂಗ್ಲಾದ ಹೊಲಿಗೆ ಯಂತ್ರ ಮಾಡಿದ ಕೆಲಸವನ್ನು ಇಲ್ಲಿ ದಶಕಗಳ ಕಾಲ ಬೀಡಿಯ ಸೂಪು ಮಾಡಿತು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ ತಾಯಂದಿರ ಹಣದಿಂದ ಎಲ್ಲ ಜಾತಿ ಧರ್ಮದ ಎಷ್ಟೋ ಹೆಣ್ಣುಮಕ್ಕಳು ಟೀಚರ್, ನರ್ಸ್ ಆದರು. ಆ ದುಡಿಮೆ ಅವರ ಬೆನ್ನನ್ನೂ ಶ್ವಾಸಕೋಶವನ್ನೂ ಸವೆಸಿತು ಎಂಬುದನ್ನೂ ಮರೆಯಬಾರದು. 2011ರ ಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿದ್ದು ಹೀಗೆ.

ಆದರೆ ಇಂದು ನಮ್ಮ ಊರುಗಳಲ್ಲಿ ಇನ್ನೊಂದು ಊರಿದೆ. ಉತ್ತರ ಕರ್ನಾಟಕದಿಂದ, ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಮಿನಿಂದ ಬಂದು ಕಟ್ಟಡ ಕಟ್ಟುವ, ಮೀನಿನ ದಕ್ಕೆಯಲ್ಲಿ ದುಡಿಯುವ, ತೋಟ ನೋಡಿಕೊಳ್ಳುವ ಕುಟುಂಬಗಳದ್ದು. ಅವರಲ್ಲಿ ಬಂಗಾಳಿ ಮಾತಾಡುವವರನ್ನು ಕಂಡರೆ ಎಲ್ಲಿಯವರು ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಗುರುತಿನ ಚೀಟಿ ನೋಡುವ ಕೆಲಸ ಪೊಲೀಸರದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಆ ಶೆಡ್ಡಿನಲ್ಲಿ ತಮ್ಮನನ್ನು ಸೊಂಟದಲ್ಲಿ ಹೊತ್ತು ನಿಂತಿರುವ ಹತ್ತು ವರ್ಷದ ಹುಡುಗಿ ಯಾವ ಶಾಲೆಗೆ ಹೋಗುತ್ತಾಳೆ?

ಪ್ರತಿ ಚರ್ಚ್‌ನಲ್ಲಿ ವಾಳೆಯ ಗುರಿಕಾರರಿದ್ದಾರೆ, ಸ್ತ್ರೀ ಸಂಘಟನೆಯಿದೆ, ಹೆಚ್ಚಿನ ಕಡೆ ಪಕ್ಕದಲ್ಲೇ ನಮ್ಮ ಶಾಲೆಯಿದೆ. ತಮ್ಮ ವಾಳೆಯ ಗಡಿಯಲ್ಲಿ ಶಾಲೆಗೆ ಹೋಗದ ಮಕ್ಕಳು ಎಷ್ಟಿದ್ದಾರೆಂದು ಒಂದು ಭಾನುವಾರ ಸಂಜೆ ಎಣಿಸಿ ಬರುವುದು ದೊಡ್ಡ ಕೆಲಸವಲ್ಲ. ಅವರಿಗೆ ಶಾಲೆಯಲ್ಲಿ ಜಾಗ, ಪುಸ್ತಕ, ಸಮವಸ್ತ್ರ, ಕನ್ನಡ ಕಲಿಸಲು ಒಬ್ಬ ನಿವೃತ್ತ ಟೀಚರ್ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಮುಂದಿನ ಜನಗಣತಿಯಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಅಕ್ಷರಸ್ಥೆ ಎಂದು ಬರೆಯುವಂತಾದರೆ, ಅದರ ಪಾಲು ಅವಳ ಮಕ್ಕಳಿಗೂ ಸಿಗುತ್ತದೆ, ಈ ಊರಿಗೂ ಸಿಗುತ್ತದೆ.